ಕಂದಕದಲ್ಲಿ ಮೊಸಳೆ ಇತ್ತಾ?

ಅಕ್ಕನ ಮಗಳಿಗೆ ಆರು ವರ್ಷ. ಮೊನ್ನೆ ಒಂದು ಕೋಟೆ ಬರೆದು ತಂದಳು. ಸುತ್ತ ಬಳೆಯ ಹಾಗೆ ನೀಲಿ ನೀರು, ನೀರಿನ ತುಂಬಾ ಮೊಸಳೆ. "ಇದು ಕಂದಕ. ಆದ್ರೆ ಶತ್ರು ಈಜ್ಕೊಂಡು ಬಂದ್ರೆ?" ಅಂತ ಕೇಳಿದಳು. ಒಳ್ಳೆ ಪ್ರಶ್ನೆ ಅಲ್ವಾ?

ಒಬ್ಬಿಬ್ಬರು ಈಜಿ ಬಂದರೆ ಕೋಟೆಯವರಿಗೆ ಅಂಥ ಚಿಂತೆ ಏನಿಲ್ಲ. ಒದ್ದೆ ಬಟ್ಟೆಯಲ್ಲಿ, ಏಣಿಯೂ ಇಲ್ಲದೆ, ಅಷ್ಟೆತ್ತರದ ಗೋಡೆ ಕೆಳಗೆ ನಿಂತು ಅವನು ಏನು ಮಾಡ್ತಾನೆ? ಕೋಟೆಯವರಿಗೆ ಭಯ ಇದ್ದದ್ದು ಭಾರದ ಸಾಮಾನಿನದು. ಚಕ್ರ ಕಟ್ಟಿ ತಳ್ಳಿಕೊಂಡು ಬರುವ ಮರದ ಗೋಪುರ, ಗೋಡೆ ಗುದ್ದುವ ದಪ್ಪ ದಿಮ್ಮಿ, ಇಂಥವು. ಇವು ಗೋಡೆಯ ಪಕ್ಕಕ್ಕೇ ಬಂದು ನಿಂತರೆ ಮಾತ್ರ ಉಪಯೋಗ, ಮಧ್ಯೆ ಒಂದು ದೊಡ್ಡ ಹಳ್ಳ ಇದ್ದರೆ ಗೋಪುರ ಆಚೆ ದಡದಲ್ಲೇ ಸುಮ್ನೆ ನಿಂತಿರಬೇಕು. ಅದಕ್ಕೇ ನೀರೇ ಇಲ್ಲದ ಒಣ ಕಂದಕಗಳೂ ಬೇಕಾದಷ್ಟಿದ್ದವು. ಶತ್ರುಗಳು ಕಟ್ಟಿಗೆ ಹೊರೆ, ಮಣ್ಣು, ಕಲ್ಲು ತಂದು ಸುರಿದು ಹಳ್ಳ ಮುಚ್ಚಬೇಕು, ಅಷ್ಟು ಹೊತ್ತೂ ಮೇಲಿನಿಂದ ಬಾಣ ಬೀಳುತ್ತಲೇ ಇರುತ್ತದೆ.

ಹಾಗಾದರೆ ನೀರು ಯಾಕೆ? ನನಗೆ ಜಾಸ್ತಿ ಇಷ್ಟವಾದ ಭಾಗ ಇದೇ. 1215ರಲ್ಲಿ ಇಂಗ್ಲೆಂಡಿನ ರಾಜ ಜಾನ್ ರಾಚೆಸ್ಟರ್ ಕೋಟೆಗೆ ಮುತ್ತಿಗೆ ಹಾಕಿದ. ಅವನ ಜನ ಕೋಟೆಯ ಕಲ್ಲಿನ ಗೋಪುರದ ಒಂದು ಮೂಲೆಯ ಅಡಿಗೆ ಸುರಂಗ ತೋಡಿದರು. ತೋಡುತ್ತಾ ಮೇಲಿನದು ಕುಸಿಯದಂತೆ ಮರದ ಕಂಬ ಕೊಟ್ಟರು. ಆಮೇಲೆ ನಲವತ್ತು ಕೊಬ್ಬಿದ ಹಂದಿಗಳನ್ನು ತರಿಸಿ, ಅವುಗಳ ಕೊಬ್ಬು ಹಾಕಿ ಕಂಬಗಳಿಗೆ ಬೆಂಕಿ ಇಟ್ಟರು. ಕಂಬ ಸುಟ್ಟಿತು, ಮೂಲೆ ಧಡಾರನೆ ಬಿತ್ತು. ಆಮೇಲೆ ಆ ಮೂಲೆಯನ್ನು ದುಂಡಗೆ ಕಟ್ಟಿದರು. ಈಗಲೂ ನೋಡಿದರೆ ಮೂರು ಮೂಲೆ ಚೌಕ, ಒಂದು ಮಾತ್ರ ದುಂಡು.

ಇದನ್ನು ಬಾಯಲ್ಲಿ ಹೇಳಿದರೆ ಅವಳಿಗೆ ಅರ್ಥ ಆಗಲಿಲ್ಲ. ಟ್ರೇನಲ್ಲಿ ಮರಳಿನ ಎರಡು ಕೋಟೆ ಮಾಡಿದೆವು. ಮೊದಲನೆಯದಕ್ಕೆ ಕಂದಕ ಇಲ್ಲ. ಅವಳು ಪಕ್ಕದಿಂದ ಬೆರಳು ತೂರಿಸುತ್ತಾ ಹೋದಳು, ಗೋಡೆ ಮೆಲ್ಲಗೆ ಕುಸಿದು ಕೂತಿತು. ಎರಡನೆಯದರ ಸುತ್ತ ಕಾಲುವೆ ತೆಗೆದು ನೀರು ಸುರಿದರೆ ಮರಳು ಅಷ್ಟನ್ನೂ ಕುಡಿದುಬಿಟ್ಟಿತು! ಕೊನೆಗೆ ಒಳಗೆಲ್ಲ ಜೇಡಿಮಣ್ಣು ಬಳಿದೆ (ನಿಜವಾದ ಕಂದಕಗಳಿಗೂ ನೀರು ಇಂಗದಂತೆ ಕೆಲವು ಕಡೆ ಹೀಗೇ ಜೇಡಿಮಣ್ಣು ಮೆತ್ತುತ್ತಿದ್ದರು). ಈ ಸಲ ಅವಳ ಬೆರಳು ಕಾಲುವೆಯ ಅಡಿಗೆ ಹೋಗುತ್ತಿದ್ದ ಹಾಗೆ ಜೇಡಿ ಒಡೆದು, ತೂತಿನೊಳಗೆ ನೀರು ಬುಳಬುಳ ನುಗ್ಗಿತು. "ಅಯ್ಯೋ, ಒಳಗಿರೋರು ಮುಳುಗಿಹೋದ್ರು!" ಅಂದಳು. ಕಂದಕ ಯಾಕೆ ಅಂತ ಮತ್ತೆ ಕೇಳಲಿಲ್ಲ.

ನೀರಿನ ಕೋಟೆಗಳಲ್ಲಿ ಗಟ್ಟಿಯದು ಅಂದರೆ ಇಂಗ್ಲೆಂಡಿನದೇ ಕೆನಿಲ್‌ವರ್ತ್. ಅಲ್ಲಿ ತೊರೆಗಳಿಗೆ ಅಡ್ಡ ಕಟ್ಟಿ ಕಂದಕದ ಬದಲು ಕೆರೆಯನ್ನೇ ಮಾಡಿದ್ದರು. 1266ರಲ್ಲಿ ರಾಜನ ಸೈನ್ಯ ಸುಮಾರು ಆರು ತಿಂಗಳು ಸುತ್ತುವರಿದು ಕೂತಿತು, ದೂರದಿಂದ ದೋಣಿಗಳನ್ನೂ ತರಿಸಿ ನೋಡಿತು, ಕೋಟೆ ಬೀಳಲಿಲ್ಲ. ಕೊನೆಗೆ ಒಳಗೆ ಊಟ ಮುಗಿಯಿತು, ಕಾಯಿಲೆ ಬಂತು. ಆಗ ಅವರೇ ಬಾಗಿಲು ತೆರೆದರು.

ಸೇತುವೆ ವಿಷಯ ಎಲ್ಲರಿಗೂ ಗೊತ್ತು. ಎತ್ತಿದರೆ ದಾರಿ ಇಲ್ಲ, ಎಷ್ಟೋ ಕಡೆ ಎತ್ತಿದ ಹಲಗೆಯೇ ಬಾಗಿಲಿಗೆ ಇನ್ನೊಂದು ಬಾಗಿಲಾಗುತ್ತಿತ್ತು.

ಇನ್ನು ಮೊಸಳೆ. ಯುರೋಪಿನ ಚಳಿಯಲ್ಲಿ ಮೊಸಳೆ ಪಾಪ ಬದುಕುವುದೇ ಕಷ್ಟ, ಅದೆಲ್ಲ ಕಥೆ. ಮೀನು ಮಾತ್ರ ಸಾಕುತ್ತಿದ್ದರು. ಚೆಕ್ ದೇಶದ ಚೆಸ್ಕಿ ಕ್ರುಮ್ಲೋವ್ ಕೋಟೆಯ ಒಣ ಕಂದಕದಲ್ಲಂತೂ ಕರಡಿಗಳನ್ನೇ ಇಟ್ಟಿದ್ದಾರೆ! ಇದನ್ನು ಕೇಳಿ ಅವಳು ಮೊಸಳೆ ಅಳಿಸೋಕೆ ರಬ್ಬರ್ ತಗೊಂಡಳು.

ಆಗ ಕಕ್ಕಸಿನ ವಿಷಯವನ್ನೂ ಹೇಳಿಬಿಟ್ಟೆ. ಗೋಡೆಯಿಂದ ಆಚೆಗೆ ಚಾಚಿಕೊಂಡ ಪುಟ್ಟ ಕೋಣೆ, ಕೆಳಗೆ ತೂತು, ಎಲ್ಲಾ ಸೀದಾ ಕಂದಕಕ್ಕೆ. ಲಂಡನ್ ಟವರ್‌ನ ಕಂದಕ ಎಷ್ಟು ಗಬ್ಬೆದ್ದು ನಾರುತ್ತಿತ್ತು ಅಂದರೆ 1840ರ ದಶಕದಲ್ಲಿ ಅದರ ನೀರನ್ನೆಲ್ಲ ಖಾಲಿ ಮಾಡಿಸಿಬಿಟ್ಟರು.

ಅವಳು ಮೂಗು ಮುಚ್ಚಿಕೊಂಡು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಮೊಸಳೆ ಇದ್ದ ಜಾಗಕ್ಕೆಲ್ಲ ಕಂದು ಕ್ರೇಯಾನ್ ಬಳಿದಳು.