ಮನೆಯಲ್ಲೇ ಇದ್ದುಕೊಂಡು ರಿನೋವೇಶನ್: ಹಂತಗಳನ್ನು ಕೋಣೆ ಲೆಕ್ಕದಲ್ಲಿ ಮಾಡಬೇಡಿ

ಮೈಸೂರಿನ ಹಳೇ ಮನೆಗಳ ರಿಪೇರಿ, ರಿನೋವೇಶನ್ ಮಾಡಿಸುವುದು ನನ್ನ ಕೆಲಸ. ಸರಸ್ವತಿಪುರಂ, ಜಯಲಕ್ಷ್ಮೀಪುರಂ ಕಡೆ ರೆಡ್ ಆಕ್ಸೈಡ್ ನೆಲ, ಒಂಬತ್ತಿಂಚಿನ ಗೋಡೆ, ಒಳಗೆಲ್ಲ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಇರುವ ಮನೆಗಳು ಬೇಕಾದಷ್ಟಿವೆ. ಇಂಥ ಮನೆಯವರು ಬಾಡಿಗೆ ಮನೆಗೆ ಹೋಗಲು ಒಪ್ಪುವುದು ಕಡಿಮೆ. ವಯಸ್ಸಾದವರು ಇರುತ್ತಾರೆ, ದುಡ್ಡೂ ಒಟ್ಟಿಗೆ ಕೂಡಿಬಂದಿರುವುದಿಲ್ಲ. "ಈ ವರ್ಷ ಅಡುಗೆಮನೆ, ಮುಂದಿನ ವರ್ಷ ಬಾತ್‌ರೂಮ್, ಆಮೇಲೆ ಹಾಲ್ ನೋಡೋಣ ಸರ್" ಅಂತಾರೆ.

ಕೇಳೋಕೆ ಚೆನ್ನಾಗಿದೆ. ಆದರೆ ನೀರು, ಕರೆಂಟಿಗೆ ಈ ಲೆಕ್ಕ ಗೊತ್ತಿಲ್ಲವಲ್ಲ! ಮೇಲಿನ ಟ್ಯಾಂಕಿನಿಂದ ಇಳಿಯುವ ಒಂದೇ ಲೈನು ಬಾತ್‌ರೂಮಿಗೂ ಹೋಗುತ್ತೆ, ಅಡುಗೆಮನೆಗೂ ಹೋಗುತ್ತೆ. ಅಡುಗೆಮನೆಗೆ ಮಾತ್ರ ಹೊಸ ಸಿಪಿವಿಸಿ (ಪ್ಲಾಸ್ಟಿಕ್) ಪೈಪು ಹಾಕಿ ತುಕ್ಕು ಹಿಡಿದ ಜಿಐಗೆ ಜಾಯಿಂಟ್ ಕೊಡಲು ಹೋದರೆ, ಪ್ಲಂಬರ್ ಪಾನಾ ತಿರುಗಿಸಿದ ಪೆಟ್ಟಿಗೆ ಗೋಡೆಯೊಳಗೆ ಇನ್ನೆಲ್ಲೋ ಸೋರಲು ಶುರುವಾಗುತ್ತದೆ. ಮುಂದಿನ ವರ್ಷದ ಗೋಡೆಯನ್ನು ಈ ವರ್ಷವೇ ಒಡೆಯಬೇಕಾಗುತ್ತದೆ.

ಅದಕ್ಕೇ ನನ್ನ ಮೊದಲ ಹಂತ ಯಾವಾಗಲೂ ಕಣ್ಣಿಗೆ ಕಾಣದ ಕೆಲಸ. ಟ್ಯಾಂಕಿನಿಂದ ಹೊಸ ಮೇನ್ ಲೈನ್, ಪ್ರತಿ ಕವಲಿಗೂ ಒಂದು ವಾಲ್ವ್, ಮುಂದೆ ಬೇಕಾಗುವ ಕಡೆ ಎಂಡ್ ಕ್ಯಾಪ್. ಬಾತ್‌ರೂಮ್ ಒಡೆಯುವಾಗ ಅದರ ವಾಲ್ವ್ ಮುಚ್ಚಿದರೆ ಸಾಕು, ಅಡುಗೆಮನೆಯ ನಲ್ಲಿ ನಿಲ್ಲುವುದಿಲ್ಲ. ಕೊಳಚೆ ಪೈಪಿನದು ಉಲ್ಟಾ ಲೆಕ್ಕ. ಹೊರಗಿನ ಚೇಂಬರ್‌ನಿಂದ ಶುರುಮಾಡಿ ಒಳಕ್ಕೆ ಬರಬೇಕು. ಇಲ್ಲದಿದ್ದರೆ ಇಳಿಜಾರು ಸಿಗುವುದಿಲ್ಲ. ಜೊತೆಗೆ ಮನೆಗೆಲ್ಲ ಕರೆಂಟು ಹಂಚುವ ಹೊಸ ಡಿಬಿ ಬಾಕ್ಸು, ಶಾಕ್ ಹೊಡೆದರೆ ತಕ್ಷಣ ಕರೆಂಟು ಕಡಿಯುವ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಸ್ವಿಚ್ಚು. ಈ ಹಂತ ಮುಗಿದಾಗ ಓನರ್ ಮುಖ ಬಾಡಿರುತ್ತದೆ. "ಇಷ್ಟು ಖರ್ಚಾಯ್ತು, ನೆಂಟರಿಗೆ ತೋರಿಸೋಕೆ ಏನಿದೆ ಸರ್?" ಏನೂ ಇಲ್ಲ, ನಿಜ.

ಮೇಸ್ತ್ರಿಗೆ ನಾನು ಹೇಳುವುದು ಸಂಜೆಯ ಲೆಕ್ಕ. ಆರು ಗಂಟೆಗೆ ಆಳುಗಳು ಹೊರಟಾಗ ಒಂದು ಟಾಯ್ಲೆಟ್, ಒಂದು ನಲ್ಲಿ, ಒಂದು ಒಲೆ, ಓಡಾಡುವ ದಾರಿಯಲ್ಲಿ ಲೈಟು ಇರಲೇಬೇಕು. ಒಂದು ಮನೆಯಲ್ಲಿ ಅಜ್ಜಿ ಇದಕ್ಕೆ ಇನ್ನೊಂದು ಸೇರಿಸಿದರು: "ದೇವರ ಮುಂದೆ ದೀಪ ಹಚ್ಚೋಕೆ ಜಾಗ ಬೇಕಪ್ಪ, ಧೂಳಲ್ಲಿ ಆಗಲ್ಲ." ಅಂದಿನಿಂದ ದೇವರನ್ನು ಎಲ್ಲಿಗೆ ಸರಿಸುವುದು ಅಂತ ಪ್ಲಾನ್ ಹಾಕುವ ದಿನವೇ ಕೇಳುತ್ತೇನೆ. ದೇವರ ಜಾಗ ಗೊತ್ತಾದರೆ ಮನೆಯವರ ಅರ್ಧ ಸಿಡಿಮಿಡಿ ಕಡಿಮೆ.

ತಾತ್ಕಾಲಿಕ ಅಡುಗೆಮನೆ ವಿಷಯದಲ್ಲಿ ಹುಷಾರು. ಎಲ್ಲರೂ ಇಂಡಕ್ಷನ್ ಒಲೆ ತಂದು ಊಟದ ಮೇಜಿನ ಮೇಲೆ ಇಡುತ್ತಾರೆ. 2000 ವ್ಯಾಟಿನ ಒಲೆ ಸುಮಾರು 9 ಆಂಪ್ ಎಳೆಯುತ್ತೆ. ಹಳೇ ಹಾಲ್‌ನಲ್ಲಿರುವುದು ಮೊಬೈಲ್, ಟಿವಿಗೆ ಸಾಕಾಗುವ 5 ಆಂಪಿನ ಪಾಯಿಂಟು. ಅಡಾಪ್ಟರ್ ಸಿಕ್ಕಿಸಿ ಕುಕ್ಕರ್ ಇಟ್ಟರೆ ಸಾಕೆಟ್ ಕರಗಬಹುದು. ಡಿಬಿಯಿಂದ ನೇರವಾಗಿ ಒಂದು 16 ಆಂಪ್ ಪಾಯಿಂಟ್ ಎಳೆಸಿಬಿಡಿ. ಖರ್ಚು ಜಾಸ್ತಿ ಏನಲ್ಲ.

ಮನೆಯವರು ಒಳಗೇ ಇದ್ದರೆ ಬರುವ ದೊಡ್ಡ ತೊಂದರೆ ಧೂಳಲ್ಲ, ಅವಸರ. ಪಾಪ, ಒಂದೇ ಬಾತ್‌ರೂಮಿಗೆ ಎಲ್ಲರೂ ಸಾಲು ನಿಂತಿರುತ್ತಾರೆ. "ವಾಟರ್‌ಪ್ರೂಫಿಂಗ್ ಆಯ್ತಲ್ಲ, ಇವತ್ತೇ ಟೈಲ್ಸ್ ಹಾಕಿಬಿಡಬಹುದಲ್ವಾ?" ಅಂತ ಕೇಳುತ್ತಾರೆ. ಆಗುವುದಿಲ್ಲ. ಅದು ಒಣಗಿದ ಮೇಲೆ ನೀರು ಕಟ್ಟಿ ಕನಿಷ್ಠ 24 ಗಂಟೆ ಬಿಟ್ಟು, ಕೆಳಗಿನ ಸೂರು, ಪಕ್ಕದ ಗೋಡೆ ನೋಡಬೇಕು. ಗಾರೆ ಕೆಲಸಕ್ಕೆ ಏಳು ದಿನವಾದರೂ ನೀರು ಹೊಡೆಯಬೇಕು. ಈ ದಿನಗಳನ್ನು ಮೊದಲೇ ಪಟ್ಟಿಯಲ್ಲಿ ಬರೆದು ತೋರಿಸಿದರೆ ಜಗಳ ಇಲ್ಲ. "ವರಮಹಾಲಕ್ಷ್ಮಿ ಹಬ್ಬದೊಳಗೆ ಮುಗಿಸಿಕೊಡಿ" ಅನ್ನುವವರಿಗೂ ಅದೇ ಪಟ್ಟಿ.

ನೆಲದ ಲೆವೆಲ್ ಮಾತ್ರ ಮೊದಲ ದಿನವೇ ತೀರ್ಮಾನ ಆಗಬೇಕು. ಹಳೇ ನೆಲದ ಮೇಲೆ ಟೈಲ್ಸ್ ಹಾಕಿದರೆ ಅಂಟು ಸೇರಿ ಅರ್ಧ ಇಂಚಾದರೂ ಏರುತ್ತೆ. ಈ ವರ್ಷ ಹಾಲ್, ಎರಡು ವರ್ಷ ಬಿಟ್ಟು ಪಡಸಾಲೆ ಅಂದರೆ ನಡುವೆ ಎಡವುವ ಮೆಟ್ಟಿಲು. ನಾವು ಮುಂಬಾಗಿಲ ಹೊಸ್ತಿಲು ಹಿಡಿದು ಟೈಲ್ಸ್ ಹಾಕಿ ಮುಗಿದ ಮೇಲೆ ನೆಲ ಎಷ್ಟು ಎತ್ತರಕ್ಕೆ ನಿಲ್ಲುತ್ತೆ ಅಂತ ನೋಡುತ್ತೇವೆ. ಲೆವೆಲ್ ಟ್ಯೂಬಿನಲ್ಲಿ ನೀರು ತುಂಬಿಸಿ, ಗುಳ್ಳೆ ಬಿಡಿಸಿ, ಇಬ್ಬರು ಎರಡು ತುದಿ ಹಿಡಿದು ಒಂದೊಂದೇ ಕೋಣೆಗೆ ಹೋಗುತ್ತೇವೆ. ಆ ನೆಲದಿಂದ ಒಂದು ಮೀಟರ್ ಎತ್ತರಕ್ಕೆ ಎಲ್ಲ ಗೋಡೆಗೂ ನೀಲಿ ಹಚ್ಚಿದ ದಾರದಿಂದ ಗೆರೆ ಹೊಡೆಯುತ್ತೇವೆ, ಇನ್ನೂ ಮುಟ್ಟದ ಕೋಣೆಗಳಲ್ಲೂ. ಎಲ್ಲ ಕಡೆ ಒಂದೇ ಟೈಲ್ಸ್ ಬೇಕು ಅಂತಿದ್ದರೆ ಅಷ್ಟನ್ನೂ ಒಟ್ಟಿಗೇ ತೆಗೆದುಕೊಳ್ಳಿ. ಬ್ಯಾಚ್ ಬದಲಾದರೆ ಬಣ್ಣವೂ ಚೂರು ಬದಲಾಗುತ್ತೆ.

ಕೊನೆಗೆ ಗೋಡೆ ಮುಚ್ಚುವ ಮುಂಚೆ ಪ್ರತಿ ಪೈಪು, ವಯರಿನ ಪಕ್ಕ ಅಳತೆ ಟೇಪು ಹಿಡಿದು ಫೋಟೋ ತೆಗೆದು ಮನೆಯವರ ಕೈಗೇ ಕೊಡುತ್ತೇನೆ. ಮೂರನೇ ಹಂತ ಬರುವಷ್ಟರಲ್ಲಿ ಪ್ಲಂಬರ್ ಬದಲಾಗಿರುತ್ತಾನೆ. ಕಾಂಟ್ರ್ಯಾಕ್ಟರೂ ಬದಲಾಗಿರಬಹುದು.