ಸಾವಿತ್ರಿಬಾಯಿ ಫುಲೆ ಮತ್ತು ನಮ್ಮ ಲೈನ್‌ಮನೆ ಹುಡುಗಿಯರು

ಸಾವಿತ್ರಿಬಾಯಿ ಫುಲೆ ಅಂದರೆ ನನಗೆ ಮೊದಲು ನೆನಪಾಗುವುದು ಅವರ ಶಾಲೆಯಲ್ಲಿ ಕಲಿತ ಮುಕ್ತಾ ಸಾಳ್ವೆ. ಆಗ ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಮಾಂಗ್ ಜಾತಿಯ ಹುಡುಗಿ, ವಯಸ್ಸು ಹದಿನಾಲ್ಕರ ಆಸುಪಾಸು. ಮಹಾರ್ ಮತ್ತು ಮಾಂಗ್ ಜನರ ಸಂಕಟದ ಬಗ್ಗೆ ಅವಳು ಬರೆದ ಪ್ರಬಂಧ 1855ರಲ್ಲಿ ಜ್ಞಾನೋದಯ ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ನಮ್ಮದಲ್ಲ ಅಂತೀರಲ್ಲ, ಹಾಗಾದರೆ ನಮ್ಮ ಧರ್ಮ ಯಾವುದು ಅಂತ ದೇವರನ್ನೇ ಕೇಳುತ್ತಾಳೆ. ತನ್ನ ಜಾತಿಯ ಹೆಂಗಸರು ಮೇಲೊಂದು ಸೂರೂ ಇಲ್ಲದೆ ಮಳೆ ಚಳಿಯಲ್ಲಿ ಹೆರುವುದನ್ನು ಬರೆಯುತ್ತಾಳೆ. ಶಾಲೆ ಶುರುವಾಗಿ ಇನ್ನೂ ಏಳೇ ವರ್ಷ! ಒಬ್ಬ ಟೀಚರ್‌ಗೆ ಇದಕ್ಕಿಂತ ದೊಡ್ಡದು ಇನ್ನೇನು ಬೇಕು ಹೇಳಿ.

ಸಾವಿತ್ರಿಬಾಯಿ ಹುಟ್ಟಿದ್ದು 1831ರ ಜನವರಿ 3, ಸತಾರಾ ಜಿಲ್ಲೆಯ ನಾಯಗಾಂವ್‌ನಲ್ಲಿ. ಒಂಬತ್ತು ವರ್ಷಕ್ಕೆ ಮದುವೆ. ಅಕ್ಷರ ಕಲಿತದ್ದು ಆಮೇಲೆ, ಗಂಡ ಜ್ಯೋತಿರಾವ್ ಹತ್ತಿರ. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಹೆಣ್ಣುಮಕ್ಕಳಿಗೆ ಕಲಿಸುವುದು ಬೇಡ ಅಂದವರು ದಾರಿಯಲ್ಲಿ ಅವರ ಮೇಲೆ ಸಗಣಿ ಎರಚಿದ್ದು, ಅವರು ಇನ್ನೊಂದು ಸೀರೆ ಜೊತೆಗೇ ಒಯ್ಯುತ್ತಿದ್ದದ್ದು ಎಲ್ಲರಿಗೂ ಗೊತ್ತು. ಮಾವ ಮನೆಯಿಂದ ಹೊರಗೆ ಹಾಕಿದಾಗ ಜಾಗ ಕೊಟ್ಟದ್ದು ಉಸ್ಮಾನ್ ಶೇಖ್, ಜೊತೆಗೆ ನಿಂತು ಪಾಠ ಮಾಡಿದ್ದು ಅವರ ತಂಗಿ ಫಾತಿಮಾ ಶೇಖ್. ಇದನ್ನು ಮಾತ್ರ ನಾವು ಅಷ್ಟಾಗಿ ಹೇಳುವುದಿಲ್ಲ, ಹೇಳಬೇಕು.

ಅವರು ಶಾಲೆಗೇ ನಿಲ್ಲಲಿಲ್ಲ. ಆಗ ಚಿಕ್ಕ ವಯಸ್ಸಿನ ವಿಧವೆಯರು ಬಸುರಿಯಾದರೆ ಅವರಿಗೆ ಉಳಿಯುತ್ತಿದ್ದದ್ದು ಬಾವಿ ಅಥವಾ ಜೈಲು; ಮಗುವನ್ನು ಕೊಲ್ಲಬೇಕು, ಇಲ್ಲಾ ತಾವೇ ಸಾಯಬೇಕು. ತಪ್ಪು ಮಾಡಿದ ಗಂಡಸನ್ನು ಯಾರೂ ಕೇಳುತ್ತಿರಲಿಲ್ಲ. 1863ರಲ್ಲಿ ಫುಲೆ ದಂಪತಿ ಇಂಥ ಹೆಂಗಸರಿಗಾಗಿ ತಮ್ಮ ಮನೆಯಲ್ಲೇ ಜಾಗ ಮಾಡಿದರು. ಇಲ್ಲಿಗೆ ಬನ್ನಿ, ಧೈರ್ಯವಾಗಿ ಹೆರಿಗೆ ಮಾಡಿಸಿಕೊಳ್ಳಿ, ಮಗುವನ್ನು ಕರೆದುಕೊಂಡಾದರೂ ಹೋಗಿ, ಬಿಟ್ಟಾದರೂ ಹೋಗಿ ಅಂದರು. ಅಂಥ ಒಬ್ಬ ವಿಧವೆಯ ಮಗ ಯಶವಂತನನ್ನು ದತ್ತು ತೆಗೆದುಕೊಂಡರು. ಅವನು ಮುಂದೆ ಡಾಕ್ಟರ್ ಆದ. 1897ರ ಪ್ಲೇಗ್‌ನಲ್ಲಿ ಪುಣೆಯ ಹೊರಗೆ ಅವನ ದವಾಖಾನೆಗೆ ಸಾವಿತ್ರಿಬಾಯಿ ತಾವೇ ರೋಗಿಗಳನ್ನು ಕರೆತರುತ್ತಿದ್ದರು. ಕಾಯಿಲೆ ಬಿದ್ದ ಒಬ್ಬ ಹುಡುಗನನ್ನು ಬೆನ್ನ ಮೇಲೆ ಹೊತ್ತು ತಂದು, ತಮಗೂ ಅದೇ ಅಂಟಿ, ಮಾರ್ಚ್ 10ರಂದು ತೀರಿಕೊಂಡರು. ಅರವತ್ತಾರು ವರ್ಷದ ಹೆಂಗಸು.

ನಾನು ಇರುವುದು ಕೊಡಗಿನ ಸಿದ್ದಾಪುರದ ಹತ್ತಿರ, ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ಸಾವಿತ್ರಿಬಾಯಿ ಹುಟ್ಟಿದ ದಿನ ಜನವರಿ 3 ನಮ್ಮಲ್ಲಿ ಕಾಫಿ ಕುಯ್ಲಿನ ಸಮಯ. ಫೋಟೋಕ್ಕೆ ಹಾರ ಹಾಕುವ ಹೊತ್ತಿಗೆ ಕ್ಲಾಸಿನ ಲೈನ್‌ಮನೆ (ತೋಟದ ಕೆಲಸಗಾರರು ಇರುವ ಸಾಲುಮನೆ) ಹುಡುಗಿಯರು ಎಷ್ಟೋ ಜನ ಬಂದೇ ಇರುವುದಿಲ್ಲ. ಇಲ್ಲಿನ ಆದಿವಾಸಿಗಳಾದ ಯರವರ ಮಕ್ಕಳು, ಜೇನುಕುರುಬರ ಮಕ್ಕಳು, ಈಗ ಅಸ್ಸಾಂನಿಂದ ಬಂದವರ ಮಕ್ಕಳೂ. ಅಪ್ಪ ಅಮ್ಮ ಇಬ್ಬರೂ ಕುಯ್ಲಿಗೆ ಹೋದರೆ ತಮ್ಮನನ್ನೋ ತಂಗಿಯನ್ನೋ ಸೊಂಟಕ್ಕೇರಿಸಿಕೊಂಡು ಮನೆ ಕಾಯುವುದು ಹತ್ತು ವರ್ಷದ ಹುಡುಗಿ. ಹುಡುಗ ಶಾಲೆಗೆ ಬಂದಿರುತ್ತಾನೆ, ಗಮನಿಸಿ. "ಟೀಚರೇ, ಇವಳು ಬಂದ್ರೆ ಚಿಕ್ಕದನ್ನ ಯಾರು ನೋಡೋದು?" ಅಂತ ಒಬ್ಬ ತಾಯಿ ಕೇಳಿದರು. ಅವರ ಪ್ರಶ್ನೆ ಸರಿಯಾದದ್ದೇ. ಮಗಳನ್ನು ಓದಿಸಿ ಅಂತ ಸುಮ್ನೆ ಬುದ್ಧಿ ಹೇಳಿ ಬಂದರೆ ಆ ಮಗುವನ್ನು ನೋಡಿಕೊಂಡ ಹಾಗಾಯಿತಾ? ಚಿಕ್ಕದನ್ನೂ ಕರೆದುಕೊಂಡೇ ಬಾ ಅಂದೆ. ಈಗ ನನ್ನ ಕ್ಲಾಸಿನಲ್ಲಿ ಚಾಪೆ ಮೇಲೆ ಪುಟ್ಟ ಮಕ್ಕಳು ಮಲಗಿರುತ್ತವೆ, ಅಳುತ್ತವೆ, ಪಾಠ ನಿಧಾನ ಆಗುತ್ತದೆ. ಆಗಲಿ.

50 ಅಥವಾ ಅದಕ್ಕಿಂತ ಜಾಸ್ತಿ ಹೆಂಗಸರು ದುಡಿಯುವ ತೋಟದಲ್ಲಿ ಶಿಶುಮಂದಿರ ಇರಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಆದರೆ ಕೊಡಗಿನಲ್ಲಿ ಸಣ್ಣ ತೋಟಗಳೇ ಜಾಸ್ತಿ ಅಲ್ವಾ, ಅವು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಪಾಲಿಬೆಟ್ಟ, ಅಮ್ಮತ್ತಿ, ಸಿದ್ದಾಪುರ ಕಡೆ ತೋಟ ಇರುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಅಕ್ಕಪಕ್ಕದ ನಾಲ್ಕು ತೋಟದವರು ಸೇರಿ ಮಾತಾಡಿ. ಕುಯ್ಲು ಮುಗಿಯುವ ತನಕ ಒಂದು ಕೋಣೆ, ಮಕ್ಕಳನ್ನು ನೋಡಿಕೊಳ್ಳಲು ಸಂಬಳ ಕೊಟ್ಟು ಒಬ್ಬ ಅಜ್ಜಿ, ಮಧ್ಯಾಹ್ನ ಒಂದಿಷ್ಟು ಗಂಜಿ ಇದ್ದರೆ ಸಾಕು. ಹುಡುಗಿಯರನ್ನು ಶಾಲೆಗೆ ಕರೆದುಕೊಂಡು ಬರುವ ಕೆಲಸ ನನಗೆ ಬಿಡಿ.