ಆರ್‌ವಿಯಲ್ಲಿ ಸಿಎಸ್ ಸಿಗದವರಿಗೆ: ಆಪ್ಷನ್ ಪಟ್ಟಿಯ ಉಳಿದ ಸಾಲುಗಳು

ಬೆಂಗಳೂರಿನ ಆರ್‌ವಿ ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಸೈನ್ಸ್ (ಸಿಎಸ್) ಸೀಟುಗಳು ಜನರಲ್ ಮೆರಿಟ್‌ನಲ್ಲಿ (ಜಿಎಂ, ಅಂದರೆ ಮೀಸಲಾತಿಯಿಲ್ಲದ ಸೀಟುಗಳಲ್ಲಿ) ಮೊದಲ ಸಾವಿರ ರ್‍ಯಾಂಕ್‌ನೊಳಗೇ ಮುಗಿದುಹೋಗುತ್ತವೆ. ಸಿಇಟಿಯಲ್ಲಿ ಇಂಜಿನಿಯರಿಂಗ್ ರ್‍ಯಾಂಕ್ ಪಡೆಯುವವರು ಈಚಿನ ವರ್ಷಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು. ಹಾಗಾಗಿ ಬಹುಪಾಲು ಮಕ್ಕಳ ನಾಲ್ಕು ವರ್ಷ ನಿರ್ಧಾರವಾಗುವುದು ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಕ್ರಮವಾಗಿ ತುಂಬುವ ಆಪ್ಷನ್ ಪಟ್ಟಿಯ ಮೊದಲ ಸಾಲಿನಲ್ಲಿ ಅಲ್ಲ, ಹತ್ತನೆಯದೋ ಇಪ್ಪತ್ತನೆಯದೋ ಸಾಲಿನಲ್ಲಿ. ಆದರೂ ಮನೆಮಂದಿಯೆಲ್ಲ ಕೂತು ಚರ್ಚಿಸುವುದು ಮೊದಲ ಮೂರು ಹೆಸರುಗಳನ್ನು ಮಾತ್ರ. ಉಳಿದದ್ದನ್ನು ಕೊನೆಯ ದಿನ ಸೈಬರ್ ಸೆಂಟರ್‌ನವರು ತುಂಬುತ್ತಾರೆ.

ಆರ್‌ವಿಯಲ್ಲಿ ನಿಮಗೆ ಬೇಕಿದ್ದದ್ದು ಏನು ಎಂದು ಮೊದಲು ಬಿಡಿಸಿ ನೋಡಿ. ಬ್ರಾಂಚೋ, ಬೆಂಗಳೂರೋ, ಕ್ಯಾಂಪಸ್‌ಗೆ ಬರುವ ಕಂಪನಿಗಳೋ, ಬರೀ ಹೆಸರೋ? ಇವುಗಳಲ್ಲಿ ಒಂದನ್ನು ಬಿಟ್ಟುಕೊಟ್ಟರೂ ಸಿಗುವ ಸೀಟುಗಳ ಸಂಖ್ಯೆ ಒಮ್ಮೆಲೇ ಹೆಚ್ಚುತ್ತದೆ.

ಬ್ರಾಂಚ್ ಬಿಟ್ಟುಕೊಟ್ಟರೆ ಅದೇ ಕಾಲೇಜು ಹತ್ತಿರ ಬರುತ್ತದೆ. ಆರ್‌ವಿಯಲ್ಲೇ ಮೆಕ್ಯಾನಿಕಲ್, ಸಿವಿಲ್ ಕಟಾಫ್‌ಗಳು (ಸೀಟು ಸಿಕ್ಕ ಕೊನೆಯ ರ್‍ಯಾಂಕ್) ಸಿಎಸ್‌ಗಿಂತ ಹತ್ತಾರು ಪಟ್ಟು ಕೆಳಗಿರುತ್ತವೆ. ಆದರೆ 'ಸೇರಿಕೊಂಡು ಎರಡನೇ ವರ್ಷಕ್ಕೆ ಸಿಎಸ್‌ಗೆ ಬದಲಾಯಿಸಿಕೊಂಡರಾಯಿತು' ಎಂಬ ಲೆಕ್ಕಾಚಾರ ಮಾತ್ರ ಬೇಡ. ಬ್ರಾಂಚ್ ಬದಲಿಸಲು ಆ ಬ್ರಾಂಚ್‌ನಲ್ಲಿ ಸೀಟು ಖಾಲಿ ಇರಬೇಕು, ಬೇಡಿಕೆಯ ಕಾಲೇಜಿನ ಸಿಎಸ್‌ನಲ್ಲಿ ಖಾಲಿ ಬೀಳುವುದು ಅಪರೂಪ.

ಊರು ಬಿಟ್ಟುಕೊಟ್ಟರೆ ಸಿಗುವುದು ಇನ್ನೂ ಹೆಚ್ಚು. ನನ್ನ ಪ್ರಕಾರ ಮಕ್ಕಳು ಅತಿ ಕಡಿಮೆ ಬಳಸಿಕೊಳ್ಳುವ ದಾರಿ ಇದೇ. ಮೈಸೂರಿನ ಎನ್‌ಐಇ ಶುರುವಾದದ್ದು 1946ರಲ್ಲಿ, ಹುಬ್ಬಳ್ಳಿಯ ಬಿವಿಬಿ (ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ) 1947ರಲ್ಲಿ, ಹಾಸನದ ಮಲ್ನಾಡ್ 1960ರಲ್ಲಿ, ಮಂಡ್ಯದ ಪಿಇಎಸ್ 1962ರಲ್ಲಿ, ಮೈಸೂರಿನ ಎಸ್‌ಜೆಸಿಇ ಮತ್ತು ತುಮಕೂರಿನ ಎಸ್‌ಐಟಿ 1963ರಲ್ಲಿ. ಆರ್‌ವಿ ಶುರುವಾದದ್ದೂ 1963ರಲ್ಲೇ. ಅಂದರೆ ಇವು ನಿನ್ನೆ ಮೊನ್ನೆ ತಲೆಯೆತ್ತಿದ ಕಾಲೇಜುಗಳಲ್ಲ, ಹಳೆಯ ವಿದ್ಯಾರ್ಥಿಗಳು ಎಲ್ಲ ಕಡೆ ಇದ್ದಾರೆ. ಇವುಗಳಲ್ಲಿ ಮೈಸೂರಿನ ಎರಡೂ ಬೇಗ ತುಂಬುತ್ತವೆ. ಮಂಡ್ಯ, ಹಾಸನದ ಕಡೆ ಹೋದಂತೆ ಕಟಾಫ್ ಸಡಿಲವಾಗುತ್ತದೆ. ಇದಕ್ಕೆ ಕಾರಣವೂ ಇದೆ: ಬೆಂಗಳೂರಿನಲ್ಲಿದ್ದರೆ ಆರನೇ ಸೆಮಿಸ್ಟರ್‌ನಲ್ಲಿ ಮನೆಯಿಂದಲೇ ಇಂಟರ್ನ್‌ಶಿಪ್‌ಗೆ ಓಡಾಡಬಹುದು, ಹಾಸನದಿಂದ ಆಗದು. ಆ ನಷ್ಟ ನಿಮಗೆಷ್ಟು ದೊಡ್ಡದು ಎಂದು ನೀವೇ ತೂಗಬೇಕು.

ಬೆಂಗಳೂರೇ ಬೇಕು ಎನ್ನುವವರು ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳನ್ನು ಹುಡುಕಿ. ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ ಕೆ.ಆರ್. ಸರ್ಕಲ್‌ನ ಯುವಿಸಿಇ ಹೆಚ್ಚಿನವರಿಗೆ ಗೊತ್ತು, ಅಲ್ಲೂ ಪೈಪೋಟಿ ಕಡಿಮೆಯೇನಿಲ್ಲ. ಅದರ ಪಕ್ಕದಲ್ಲೇ ಇರುವ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಎಸ್‌ಕೆಎಸ್‌ಜೆಟಿಐ ಎಷ್ಟೋ ಜನರ ಪಟ್ಟಿಯಲ್ಲೇ ಇರುವುದಿಲ್ಲ. ರಾಮನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿಗೆ ಬೆಂಗಳೂರಿನಿಂದ ರೈಲಿದೆ. ಅನುದಾನಿತ ಕಾಲೇಜುಗಳ ವಿಷಯದಲ್ಲಿ ಒಂದು ಎಚ್ಚರ: ಒಂದೇ ಕಾಲೇಜಿಗೆ ಅನುದಾನಿತ, ಅನುದಾನರಹಿತ ಎಂದು ಎರಡು ಕೋಡ್ ಇರಬಹುದು. ಕಟಾಫ್ ಬೇರೆ, ಶುಲ್ಕವೂ ಬೇರೆ. ಹೆಸರು ನೋಡಿ ಒಂದೇ ಕೋಡ್ ಹಾಕಿ ಸುಮ್ಮನಾಗಬೇಡಿ.

ಇನ್ನು ಕಟಾಫ್ ಓದುವ ಬಗೆ. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಸೀಟು ಹಂಚಿಕೆಯ ಪ್ರತಿ ಸುತ್ತಿನ ನಂತರ ಪಿಡಿಎಫ್ ಹಾಕುತ್ತದೆ. ಕಾಲೇಜಿನ ಹೆಸರಿನಡಿ ಬ್ರಾಂಚ್‌ಗಳ ಸಾಲು, ಅಡ್ಡಕ್ಕೆ ವರ್ಗಗಳ ಕಾಲಂ: ಜಿಎಂ, 2ಎಜಿ, 3ಬಿಜಿ, ಎಸ್‌ಸಿಜಿ ಹೀಗೆ. ಕೊನೆಯ ಅಕ್ಷರ ಜಿ ಇದ್ದರೆ ಆ ವರ್ಗದ ಸಾಮಾನ್ಯ ಸೀಟು, ಆರ್ ಇದ್ದರೆ ಗ್ರಾಮೀಣ, ಕೆ ಇದ್ದರೆ ಕನ್ನಡ ಮಾಧ್ಯಮ. ಕೋಷ್ಟಕದಲ್ಲಿರುವುದು ಆ ವರ್ಗದಲ್ಲಿ ಸೀಟು ಪಡೆದ ಕೊನೆಯ ಅಭ್ಯರ್ಥಿಯ ರ್‍ಯಾಂಕ್. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಿದೆ. ಅರ್ಜಿ ತುಂಬುವಾಗಲೇ ಇದನ್ನು ಕೇಳಿರಬೇಕು, ಶಾಲೆಯ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಇರಬೇಕು. ಎಷ್ಟೋ ಮಕ್ಕಳಿಗೆ ಅರ್ಹತೆ ಇದ್ದೂ ಈ ಒಂದು ಸಹಿ ಇಲ್ಲದೆ ಜಿಎಂ ಕಾಲಂನಲ್ಲೇ ಉಳಿಯಬೇಕಾಗುತ್ತದೆ.

2024ಕ್ಕಿಂತ ಹಿಂದಿನ ಕೋಷ್ಟಕಗಳನ್ನು ನಂಬಿಕೊಳ್ಳಬೇಡಿ. ಆ ವರ್ಷದಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ಒಂದೊಂದು ಬ್ರಾಂಚ್‌ಗೆ ಇಷ್ಟೇ ಸೀಟು ಎಂಬ ಮಿತಿಯನ್ನು ತೆಗೆಯಿತು, ದೊಡ್ಡ ಖಾಸಗಿ ಕಾಲೇಜುಗಳು ಸಿಎಸ್ ಸೀಟು ಹೆಚ್ಚಿಸಿಕೊಂಡವು. ಮೇಲಿನ ಕಾಲೇಜಿನಲ್ಲಿ ಸೀಟು ಹೆಚ್ಚಾದರೆ ಕೆಳಗಿನವುಗಳ ಕಟಾಫ್ ತಾನಾಗಿ ಜಾರುತ್ತದೆ. ಇದು ನಿಮಗೆ ಲಾಭವೇ. ಆದರೆ ಸೀಟಿನಷ್ಟೇ ವೇಗದಲ್ಲಿ ಮೇಷ್ಟ್ರುಗಳೂ ಹೆಚ್ಚಿದ್ದಾರೆಯೇ ಎಂದು ಕಾಲೇಜಿನ ವೆಬ್‌ಸೈಟಿನ ಅಧ್ಯಾಪಕರ ಪಟ್ಟಿ ಎಣಿಸಿ ನೋಡಿ. ಎಐಸಿಟಿಇ ಲೆಕ್ಕ 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ.

ನಿಮ್ಮ ರ್‍ಯಾಂಕ್ 9,000 ಎಂದುಕೊಳ್ಳಿ. ಪಟ್ಟಿಗೆ ಆಯ್ದುಕೊಳ್ಳುವಾಗ ಕಳೆದ ವರ್ಷ 4,000ದಿಂದ 8,000ದೊಳಗೆ ಮುಗಿದವು ಒಂದು ಭಾಗ, 8,000ದಿಂದ 12,000ದವು ಇನ್ನೊಂದು, 20,000ದವರೆಗಿನವು ಮತ್ತೊಂದು. ಮೂರೂ ಭಾಗದಲ್ಲಿ ಹತ್ತು ಹದಿನೈದಾದರೂ ಇರಲಿ. ಕೊನೆಯ ಸುತ್ತಿನ ಕಟಾಫ್ ನೋಡಿ ಲೆಕ್ಕ ಹಾಕುವವರು ಮೊದಲ ಸುತ್ತಿನದನ್ನೂ ಪಕ್ಕದಲ್ಲಿಟ್ಟುಕೊಳ್ಳಿ, ಎರಡಕ್ಕೂ ಬಹಳ ಅಂತರ ಇರುವ ಕಾಲೇಜುಗಳಲ್ಲಿ ಕಾಯುವುದಕ್ಕೆ ಅರ್ಥವಿದೆ.

ಪ್ಲೇಸ್‌ಮೆಂಟ್ ಬಗ್ಗೆ ಬಸ್ಸಿನ ಹಿಂದಿನ ಜಾಹೀರಾತು ಓದುವುದಕ್ಕಿಂತ ಕಾಲೇಜು ಕೇಂದ್ರ ಸರ್ಕಾರದ ಕಾಲೇಜು ಶ್ರೇಯಾಂಕ ಪಟ್ಟಿಯಾದ ಎನ್‌ಐಆರ್‌ಎಫ್‌ಗೆ ಕೊಟ್ಟ ದತ್ತಾಂಶದ ಪಿಡಿಎಫ್ ತೆರೆಯಿರಿ. ಕಾಲೇಜಿನ ವೆಬ್‌ಸೈಟಿನಲ್ಲಿ ಎನ್‌ಐಆರ್‌ಎಫ್ ಎಂಬ ಕೊಂಡಿಯಲ್ಲಿ ಸಿಗುತ್ತದೆ. ಅದರಲ್ಲಿ ನಾಲ್ಕು ವರ್ಷದ ಪದವಿಯ ಕೋಷ್ಟಕದಲ್ಲಿ ಸೇರಿದವರು, ಸರಿಯಾದ ಅವಧಿಯಲ್ಲಿ ಪಾಸಾದವರು, ಕೆಲಸ ಸಿಕ್ಕವರು, ಮಧ್ಯಾಂಕ ಸಂಬಳ (ಅರ್ಧ ಜನಕ್ಕೆ ಇದಕ್ಕಿಂತ ಹೆಚ್ಚು, ಅರ್ಧ ಜನಕ್ಕೆ ಕಡಿಮೆ), ಮುಂದೆ ಓದಲು ಹೋದವರು, ಎಲ್ಲ ಸಾಲಾಗಿರುತ್ತದೆ. ಉದಾಹರಣೆಗೆ 720 ಜನ ಸೇರಿ, 600 ಜನ ಸಮಯಕ್ಕೆ ಪಾಸಾಗಿ, 390 ಜನಕ್ಕೆ ಕೆಲಸ ಸಿಕ್ಕಿದ್ದರೆ ಪಾಸಾದವರಲ್ಲಿ ಶೇ. 65, ಸೇರಿದವರಲ್ಲಿ ಶೇ. 54. ಅದೇ ಕಾಲೇಜು 'ಅರ್ಹರು 430' ಎಂದು ಲೆಕ್ಕ ಹಿಡಿದು ಶೇ. 90 ಎಂದು ಫಲಕ ಹಾಕಬಹುದು. ಸುಳ್ಳಲ್ಲ, ಭಾಜಕ ಬೇರೆ ಅಷ್ಟೇ! ಅತಿ ಹೆಚ್ಚು ಪ್ಯಾಕೇಜ್ ಒಬ್ಬರದ್ದು, ನೋಡಬೇಕಾದ್ದು ಮಧ್ಯಾಂಕ. ಈ ಕೋಷ್ಟಕದ ಕೊರತೆ ಎಂದರೆ ಬ್ರಾಂಚ್‌ವಾರು ವಿಂಗಡಣೆ ಇರುವುದಿಲ್ಲ. ಅದನ್ನು ಅಲ್ಲಿ ಏಳನೇ ಸೆಮಿಸ್ಟರ್‌ನಲ್ಲಿರುವ ಯಾರನ್ನಾದರೂ ಕೇಳಿಯೇ ತಿಳಿಯಬೇಕು. ಗುಣಮಟ್ಟ ನೋಡಿ ಕೊಡುವ ಎನ್‌ಬಿಎ ಮಾನ್ಯತೆ ಹಾಗಲ್ಲ, ಬ್ರಾಂಚ್‌ಗೆ ಸಿಗುವುದು ಅದು. 'ನಮ್ಮದು ಎನ್‌ಬಿಎ ಕಾಲೇಜು' ಎಂದರೆ ಯಾವ ಬ್ರಾಂಚ್‌ಗೆ, ಯಾವ ವರ್ಷದವರೆಗೆ ಎಂದು ಕೇಳಿ.

ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆ ಅದೇ ಕಾಲೇಜುಗಳಿಗೆ ಇನ್ನೊಂದು ಬಾಗಿಲು, ಶುಲ್ಕ ಬಹಳ ಹೆಚ್ಚು. ಸಾಲ ಮಾಡಿ ಹೋಗುವ ಮುಂಚೆ ಸಿಇಟಿಯ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಸೀಟು ನೋಡಿ. ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷದೊಳಗಿದ್ದರೆ ಅರ್ಹರು, ಬೋಧನಾ ಶುಲ್ಕ ಮನ್ನಾ ಆಗುತ್ತದೆ.

ಕೊನೆಗೆ ಪಟ್ಟಿಯ ಕ್ರಮ. ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತದೆ, ನಿಮ್ಮ ಸರದಿ ಬಂದಾಗ ಸಿಗುವ ಮೊದಲ ಸೀಟನ್ನು ಕೊಡುತ್ತದೆ. ಆದ್ದರಿಂದ ಸಿಗುವ ಸಾಧ್ಯತೆ ನೋಡಿ ಜೋಡಿಸಬಾರದು, ಆಸೆಯ ಕ್ರಮದಲ್ಲೇ ಜೋಡಿಸಬೇಕು. ಆರ್‌ವಿ ಸಿಎಸ್ ಮೊದಲ ಸಾಲಿನಲ್ಲಿದ್ದರೆ ಕೆಳಗಿನದಕ್ಕೆ ಏನೂ ಕುಂದಿಲ್ಲ. ತೊಂದರೆ ಆಗುವುದು ಬೇರೆ ಕಡೆ. ಸೀಟು ಒಪ್ಪಿಕೊಂಡು ಮುಂದಿನ ಸುತ್ತಿಗೂ ಹೋಗುವ ಚಾಯ್ಸ್ 2 ಆರಿಸಿದರೆ, ಮೇಲಿನ ಯಾವುದೇ ಸಾಲು ಸಿಕ್ಕ ಕೂಡಲೇ ಹಿಂದಿನ ಸೀಟು ತಾನಾಗಿ ರದ್ದು. ಯಾರೋ ಹೇಳಿದರೆಂದು ಸೇರಿಸಿದ, ನಿಜಕ್ಕೂ ಇಷ್ಟವಿಲ್ಲದ ಕಾಲೇಜು ಮೇಲೆ ಉಳಿದಿದ್ದರೆ ಅದೇ ಗಂಟುಬೀಳುತ್ತದೆ. ಹಾಗಾಗಿ ಪ್ರತಿ ಸುತ್ತಿನ ಮೊದಲು ಸಿಕ್ಕ ಸೀಟಿಗಿಂತ ಮೇಲಿರುವ ಒಂದೊಂದು ಸಾಲನ್ನೂ 'ಇದಕ್ಕಾಗಿ ಸಿಕ್ಕ ಸೀಟನ್ನು ಬಿಡುತ್ತೇನೆಯೇ' ಎಂದು ಕೇಳಿಕೊಂಡು, ಇಲ್ಲ ಎನಿಸಿದ್ದನ್ನು ಅಳಿಸಿ. ಒಪ್ಪದೆ ಮುಂದಿನ ಸುತ್ತಿಗೆ ಹೋಗುವ ಚಾಯ್ಸ್ 3ರಲ್ಲಿ ಕೈಯಲ್ಲಿದ್ದ ಸೀಟೂ ಇರುವುದಿಲ್ಲ. ಶುಲ್ಕ ಯಾವಾಗ ಕಟ್ಟಬೇಕೆಂಬ ನಿಯಮ ವರ್ಷ ವರ್ಷ ಬದಲಾಗುವುದರಿಂದ ಆ ವರ್ಷದ ಸೂಚನೆಯನ್ನೇ ಓದಿ.

ಲಾಗಿನ್, ಪಾಸ್‌ವರ್ಡ್, ಒಟಿಪಿ ಯಾರ ಕೈಗೂ ಕೊಡಬೇಡಿ. ಅಭ್ಯರ್ಥಿಗಳ ಲಾಗಿನ್ ಬಳಸಿ ಬೇಡಿಕೆಯ ಸೀಟುಗಳನ್ನು ಹಿಡಿದಿಟ್ಟ 2024ರ ಸೀಟ್ ಬ್ಲಾಕಿಂಗ್ ಪ್ರಕರಣದ ನಂತರ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೈಬರ್ ಸೆಂಟರ್‌ನಲ್ಲೇ ತುಂಬುವುದಾದರೂ ಟೈಪ್ ಮಾಡುವಾಗ ಪಕ್ಕದಲ್ಲಿ ಕೂತು ಕಾಲೇಜ್ ಕೋಡ್, ಬ್ರಾಂಚ್ ಕೋಡ್ ಎರಡನ್ನೂ ನಿಮ್ಮ ಕೈಬರಹದ ಹಾಳೆಯೊಂದಿಗೆ ತಾಳೆ ನೋಡಿ. ಮುಗಿದ ಮೇಲೆ ಪ್ರಿಂಟ್ ತೆಗೆದುಕೊಂಡು, ಮನೆಗೆ ಬಂದು ಪಾಸ್‌ವರ್ಡ್ ಬದಲಿಸಿ.